ಮೂಸ್ ಬೇಟೆಗೆ ಎಡಗೈ ರೈಫಲ್

ಉತ್ತರ ಸ್ವೀಡನ್ನಿನಿಂದ ಬಂದ ಇಮೇಲ್‌ನಲ್ಲಿ ಇದ್ದದ್ದು ನಾಲ್ಕೇ ಸಾಲು. ಬೇಟೆ ತಂಡದ ಕ್ಯಾಬಿನ್‌ನಲ್ಲಿ ನಾಲ್ಕು ಮಂಚಗಳಿವೆ, ಕೊರೊನಾ ಇರುವುದರಿಂದ ಈ ವರ್ಷ ನೆಲದ ಮೇಲೆ ಯಾರನ್ನೂ ಮಲಗಿಸುವುದಿಲ್ಲ. ನಿಮ್ಮ ಪ್ರಯೋಗಾಲಯಕ್ಕೆ ಒಂದು ಮಂಚ ಕೊಡುತ್ತೇವೆ. ಆದರೆ ಬರುವವರು ಗುಂಡು ಹೊಡೆಯುವವರೇ ಆಗಿರಬೇಕು, ಬರೀ ಮಾದರಿಯ ಬಾಟಲಿ ಹಿಡಿದು ಕೂರುವವರಿಗೆ ಜಾಗವಿಲ್ಲ.

ಬಾಟಲಿ ಹಿಡಿದು ಕೂರುವವಳು ಅಂದರೆ ನಾನು.

ನೆದರ್ಲೆಂಡ್ಸಿನ ನೈಮೆಗನ್‌ನ ಪ್ರಯೋಗಾಲಯದಲ್ಲಿ ನನ್ನ ಕೆಲಸ, ಉಣ್ಣಿಗಳಿಂದ ಹರಡುವ ಒಂದು ಪರಾವಲಂಬಿ ಜೀವಿಯನ್ನು ಹುಡುಕುವುದು. ಉಣ್ಣಿಗಳು ವರ್ಷದಿಂದ ವರ್ಷಕ್ಕೆ ಉತ್ತರಕ್ಕೆ ಸರಿಯುತ್ತಿವೆ. ಅವುಗಳ ಜೊತೆ ರೋಗವೂ ಹೋಗುತ್ತಿದೆಯೇ, ತಾಯಿಯಿಂದ ಮರಿಗೆ ದಾಟುತ್ತಿದೆಯೇ ಎಂದು ತಿಳಿಯಲು ಅಲ್ಲಿಯ ಮೂಸ್‌ಗಳ ಅಂಗಾಂಶ ಬೇಕಿತ್ತು. ಮೂಸ್ ಎಂದರೆ ಜಿಂಕೆಯ ಕುಲದಲ್ಲೇ ಎಲ್ಲಕ್ಕಿಂತ ದೊಡ್ಡದು, ಕುದುರೆಗಿಂತ ಎತ್ತರ, ಜೋಲು ಮೂತಿ. ಪ್ರಾಣಿ ಸತ್ತ ಅರ್ಧ ಗಂಟೆಯೊಳಗೆ ಅದರ ಗಂಟಲ ಬಳಿಯ ಗ್ರಂಥಿ ಮತ್ತು ಗುಲ್ಮದ ತುಂಡು ದ್ರವ ಸಾರಜನಕದ ಡಬ್ಬಿಗೆ ಇಳಿಯಬೇಕು. ಅರ್ಧ ಗಂಟೆ ದಾಟಿದರೆ ನಮಗೆ ಬೇಕಾದ ಆರ್‌ಎನ್‌ಎ ಕೆಟ್ಟುಹೋಗುತ್ತದೆ. ಊಟಕ್ಕೆ ಆಗುತ್ತದೆ, ವಿಜ್ಞಾನಕ್ಕೆ ಆಗುವುದಿಲ್ಲ. ಮೊದಲೆಲ್ಲ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಹೋಗಿ ಗುಂಡು ಹೊಡೆಯುತ್ತಿದ್ದರು, ಜೊತೆಗೆ ಹೋದವರು ಕತ್ತರಿಸುತ್ತಿದ್ದರು. ಕೊರೊನಾ ಬಂದು ಹೋದ ಮೇಲೆ ಆ ಹಿರಿಯರಿಗೆ ಮೆಟ್ಟಿಲು ಹತ್ತಲೂ ಉಸಿರು ಸಾಲುತ್ತಿರಲಿಲ್ಲ.

ಆ ಇಮೇಲನ್ನು ನಮ್ಮ ಮುಖ್ಯಸ್ಥೆ ವಿಡಿಯೊ ಮೀಟಿಂಗ್‌ನಲ್ಲಿ ಎಲ್ಲರಿಗೂ ತೋರಿಸಿ, ನನ್ನ ಹೆಸರು ಹಿಡಿದು ಕೇಳಿದರು: ನಿನಗೆ ಬೇಟೆಯ ಲೈಸೆನ್ಸ್ ಇದೆಯಲ್ಲ? ಇತ್ತು. ಹಿಂದಿನ ವರ್ಷ ವೆಲುವೆ ಕಾಡಿನ ಜಿಂಕೆಗಳ ಕೆಲಸಕ್ಕೆಂದು ಪ್ರಯೋಗಾಲಯವೇ ನನ್ನನ್ನು ಕೋರ್ಸಿಗೆ ಕಳಿಸಿತ್ತು. ನೂರು ಮೀಟರ್ ದೂರದಲ್ಲಿ ನಿಂತಿರುವ ರಟ್ಟಿನ ಜಿಂಕೆಗೆ ಗುಂಡು ಹೊಡೆದು ಪಾಸಾಗಿದ್ದೆ. ಜೀವ ಇರುವ ಯಾವುದಕ್ಕೂ ಹೊಡೆದಿರಲಿಲ್ಲ. ಧಾರವಾಡದ ಲಿಂಗಾಯತರ ಮನೆಯ ಮಗಳು, ಮೊಟ್ಟೆ ಒಡೆದದ್ದೂ ಈ ದೇಶಕ್ಕೆ ಬಂದ ಮೇಲೆ.

ಮುಖ್ಯಸ್ಥೆಗೆ ಇದ್ಯಾವುದೂ ಬೇಕಿರಲಿಲ್ಲ. ಡಿಸೆಂಬರ್ ಕೊನೆಗೆ ನನ್ನ ಗುತ್ತಿಗೆ ಮುಗಿಯುತ್ತಿತ್ತು, ಈ ದೇಶದಲ್ಲಿ ಇರುವ ಪರ್ಮಿಟ್ ಕೂಡ ಅದರ ಮೇಲೆಯೇ ನಿಂತಿತ್ತು. ಸೆಪ್ಟೆಂಬರ್‌ನ ಬೇಟೆಯಿಂದ ಮಾದರಿ ಬಂದರೆ ಎರಡು ವರ್ಷ ವಿಸ್ತರಣೆ, ಬರದಿದ್ದರೆ ಯೋಜನೆಯೇ ಮುಚ್ಚುತ್ತದೆ ಎಂದು ಎಲ್ಲರೆದುರೇ ಹೇಳಿದರು. ಆಗದಿದ್ದರೆ ಈಗಲೇ ಹೇಳು, ಜನವರಿಯಲ್ಲಿ ಬಂದು ಕಣ್ಣೀರು ಹಾಕಬೇಡ ಎಂದೂ ಸೇರಿಸಿದರು. ನಾನು ಯಾರೆದುರೂ ಕಣ್ಣೀರು ಹಾಕಿದವಳಲ್ಲ. ಆಗುತ್ತದೆ ಎಂದೆ. ಸಿಟ್ಟಿನಲ್ಲಿ ಹೇಳಿದ ಮಾತು, ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ.

ಆಮರ್ಸ್‌ಫೋರ್ಟಿನ ನಮ್ಮ ಫ್ಲ್ಯಾಟಿನಲ್ಲಿ ಗಂಡ ಊಟದ ಮೇಜಿನ ಮೇಲೆಯೇ ಆಫೀಸು ಹೂಡಿಕೊಂಡಿದ್ದ. ಆತ ಬೆಂಗಳೂರಿನವನು, ಆಮ್ಸ್ಟರ್‌ಡ್ಯಾಮಿನ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ. ವಿಷಯ ಹೇಳಿದಾಗ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ಬಿಟ್ಬಿಡೆ. ನನ್ ಪರ್ಮಿಟ್ ಮೇಲೆ ಇರ್ಬಹುದಲ್ವಾ? ಯಾಕ್ ಸುಮ್ನೆ ಈ ಗನ್ನು ಗಿನ್ನು?"

"ನಿನ್ನ ಪರ್ಮಿಟ್ ಮ್ಯಾಲೆ ನಾ ಯಾಕ ಇರಬೇಕು? ನಾ ಏನ್ ನಿನ್ನ ಲಗೇಜ್ ಏನು?"

ಅವನು ಒಳ್ಳೆಯದಕ್ಕೇ ಹೇಳಿದ್ದ, ಅದೇ ನನ್ನ ಮೈ ಉರಿಸಿದ್ದು. ಎಂಟು ವರ್ಷ ಉಣ್ಣಿಗಳ ಹೊಟ್ಟೆ ಸೀಳಿ ಸಂಪಾದಿಸಿದ ಜಾಗವನ್ನು ಅವನು ಊಟದ ಮೇಜಿನಿಂದ ಏಳದೆಯೇ ಬಿಟ್ಟುಕೊಟ್ಟುಬಿಟ್ಟಿದ್ದ. ಆ ದಿನದಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಜಗಳವಿಲ್ಲದ ವಾರ ಇರಲಿಲ್ಲ. ಕೋವಿ ಇಡುವ ಕಬ್ಬಿಣದ ಪೆಟ್ಟಿಗೆಯನ್ನು ಕಾಂಕ್ರೀಟ್ ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಬೇಕು, ಪೊಲೀಸರು ಬಂದು ಅಲುಗಾಡಿಸಿ ನೋಡುತ್ತಾರೆ. ಫ್ಲ್ಯಾಟಿನಲ್ಲಿ ಕಾಂಕ್ರೀಟ್ ಗೋಡೆ ಇದ್ದದ್ದು ಒಂದೇ, ಅದರ ಮೇಲೆ ಅವನು ದೇವರ ಸ್ಟ್ಯಾಂಡ್ ಹಾಕಿದ್ದ. ದೇವರನ್ನು ಅಡುಗೆಮನೆಗೆ ಸಾಗಿಸಿದ.

ರೈಫಲ್ ಆರಿಸುವ ಕೆಲಸವನ್ನು ನಾನು ಪ್ರಯೋಗದ ಹಾಗೆಯೇ ಮಾಡಿದೆ. ಮೂಸ್‌ಗೆ ಎಷ್ಟು ಭಾರದ ಗುಂಡು, ಎಷ್ಟು ಶಕ್ತಿ ಬೇಕು ಎಂದು ಸ್ವೀಡನ್ನಿನ ನಿಯಮವಿದೆ. ಆರೂವರೆ ಮಿಲಿಮೀಟರ್‌ನ ಹಳೆಯ ಸ್ವೀಡಿಷ್ ತೋಟಾದಿಂದ ಹಿಡಿದು ಒಂಬತ್ತು ಮಿಲಿಮೀಟರ್ ದಾಟಿದ ದಪ್ಪದ್ದರವರೆಗೆ ಆ ನಿಯಮಕ್ಕೆ ಹೊಂದುವಂಥವು ಹತ್ತಾರು. ದಪ್ಪ ಗುಂಡು ದೊಡ್ಡ ಪ್ರಾಣಿಯನ್ನು ಚೆನ್ನಾಗಿ ಬೀಳಿಸುತ್ತದೆ, ಹಾಗೆಯೇ ಹೊಡೆದವರ ಹೆಗಲನ್ನೂ ಮುರಿಯುತ್ತದೆ. ನನ್ನ ತೂಕ ಐವತ್ತೆರಡು ಕಿಲೊ. ಸೀಸದ ಗುಂಡು ದೇಹದೊಳಗೆ ಚೂರುಚೂರಾಗಿ ಹರಡಿ ನಮ್ಮ ಪರೀಕ್ಷೆಯನ್ನು ಕೆಡಿಸುತ್ತದೆ, ಆದ್ದರಿಂದ ತಾಮ್ರದ ಗುಂಡೇ ಬೇಕು. ತಾಮ್ರ ಹಗುರ, ಹಾಗಾಗಿ ಗುಂಡು ಉದ್ದವಾಗಿರುತ್ತದೆ, ಉದ್ದ ಗುಂಡನ್ನು ಸರಿಯಾಗಿ ತಿರುಗಿಸುವ ನಳಿಗೆ ಬೇಕು. ಜೌಗಿನಲ್ಲಿ ದಿನವಿಡೀ ಹೊರಬೇಕಾದ್ದರಿಂದ ಹಗುರವಿರಬೇಕು, ತೀರಾ ಹಗುರವಾದರೆ ಒದೆತ ಜಾಸ್ತಿ. ಇದನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿ ಅಂಕ ಕೊಟ್ಟೆ. ಮೊದಲ ಸ್ಥಾನಕ್ಕೆ ಬಂದದ್ದು ಥರ್ಟಿ-ನಾಟ್-ಸಿಕ್ಸ್ ಅಳತೆಯ, ಪ್ಲಾಸ್ಟಿಕ್ ಹಿಡಿಯ, ತುಕ್ಕು ಹಿಡಿಯದ ಉಕ್ಕಿನ ಒಂದು ಬೋಲ್ಟ್ ರೈಫಲ್. ಅಂಗಡಿಯವನು ನಿಮ್ಮ ಯಜಮಾನರು ಬರುವುದಿಲ್ಲವೇ ಎಂದು ಕೇಳಿದ. ನನ್ನ ಹೆಸರಿನ ಲೈಸೆನ್ಸನ್ನು ಕೌಂಟರ್ ಮೇಲೆ ಕುಕ್ಕಿದೆ.

ನನ್ನ ಪಟ್ಟಿಯಲ್ಲಿ ಹದಿನಾಲ್ಕು ಕಾಲಂಗಳಿದ್ದವು. ಕೊಳ್ಳುವವಳು ಯಾವ ಕೈಯವಳು ಎಂಬ ಕಾಲಂ ಇರಲಿಲ್ಲ. ಅಂತಹದೊಂದು ಪ್ರಶ್ನೆ ಇದೆ ಎಂದೇ ನನಗೆ ಹೊಳೆದಿರಲಿಲ್ಲ.

ಮಂಚ ಖಾತ್ರಿಯಾಗಲು ಸ್ವೀಡನ್ನಿನ ಬೇಟೆ ತಂಡದ ನಾಯಕ ಇನ್ನೊಂದು ಷರತ್ತು ಹಾಕಿದ್ದ. ಅಲ್ಲಿಯ ಬೇಟೆಗಾರರು ಪ್ರತಿ ವರ್ಷ ಅಭ್ಯಾಸ ಮಾಡುವುದು ಓಡುವ ಮೂಸ್ ಮೇಲೆ. ಹಲಗೆಯಲ್ಲಿ ಕೊರೆದ ಮೂಸ್ ಎಂಬತ್ತು ಮೀಟರ್ ದೂರದಲ್ಲಿ ಹಳಿಯ ಮೇಲೆ ಈ ಕಡೆಯಿಂದ ಆ ಕಡೆಗೆ ಸರ್ರನೆ ಹೋಗುತ್ತದೆ. ನಿಂತಾಗ ನಾಲ್ಕು, ಓಡುವಾಗ ನಾಲ್ಕು ಗುಂಡು. ಎಂಟೂ ಎದೆಯ ಮೇಲೆ ಬರೆದ ವೃತ್ತದೊಳಗೆ ಬೀಳಬೇಕು. ಅಂಕದ ಹಾಳೆಗೆ ಶೂಟಿಂಗ್ ರೇಂಜಿನ ತರಬೇತುದಾರನ ಸಹಿ ಹಾಕಿಸಿ ಜುಲೈ ಮುಗಿಯುವುದರೊಳಗೆ ಕಳಿಸಬೇಕು. ಇಲ್ಲದಿದ್ದರೆ ಮಂಚ ಬೇರೆಯವರಿಗೆ.

ವೆಲುವೆಯ ಅಂಚಿನಲ್ಲಿ ಅಂತಹ ರೇಂಜ್ ಒಂದಿತ್ತು. ಅಲ್ಲಿಯ ತರಬೇತುದಾರ ಅರವತ್ತು ದಾಟಿದ ಮನುಷ್ಯ, ಸೈನ್ಯದಿಂದ ನಿವೃತ್ತ. ಮೊದಲ ಶನಿವಾರವೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನೀನು ಮಾಂಸ ತಿನ್ನುತ್ತೀಯಾ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಇಲ್ಲೇನು ಕೆಲಸ ಎಂದ. ಕೊರೊನಾ ನಿಯಮದ ಪ್ರಕಾರ ಒಂದು ಸಲಕ್ಕೆ ನಾಲ್ಕೇ ಜನ, ಒಬ್ಬೊಬ್ಬರಿಗೆ ನಲವತ್ತೈದು ನಿಮಿಷ. ನನ್ನ ನಲವತ್ತೈದರಲ್ಲಿ ಹತ್ತು ನಿಮಿಷ ಆತನ ಕೊಂಕಿಗೇ ಹೋಗುತ್ತಿತ್ತು.

ನಿಂತ ಮೂಸ್‌ಗೆ ನಾಲ್ಕರಲ್ಲಿ ನಾಲ್ಕು ಹೊಡೆದೆ. ಎಡಗಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು, ಪರೀಕ್ಷೆಯಲ್ಲಿ ಮಾಡಿದ ಹಾಗೆ. ಓಡುವ ಮೂಸ್‌ಗೆ ಹಾಗೆ ಆಗುವುದಿಲ್ಲ. ಎರಡೂ ಕಣ್ಣು ತೆರೆದಿರಬೇಕು, ನಳಿಗೆ ಪ್ರಾಣಿಯ ಜೊತೆಗೇ ಸಾಗಬೇಕು, ಮುಂಗಾಲಿಗಿಂತ ಸ್ವಲ್ಪ ಮುಂದೆ ಗುರಿ ಇಟ್ಟು, ಸಾಗುತ್ತಲೇ ಕೋವಿಯ ಕುದುರೆ ಎಳೆಯಬೇಕು. ಎರಡೂ ಕಣ್ಣು ತೆರೆದ ಕೂಡಲೇ ನನಗೆ ರೈಫಲ್ ಮೇಲಿನ ದುರ್ಬೀನಿನೊಳಗಿನ ಗೆರೆ ಒಂದು ಕಡೆ, ಮೂಸ್ ಇನ್ನೊಂದು ಕಡೆ ಕಾಣುತ್ತಿತ್ತು. ನಾಲ್ಕು ಗುಂಡುಗಳಲ್ಲಿ ಎರಡು ಹೊಟ್ಟೆಗೆ, ಒಂದು ತೊಡೆಗೆ, ಒಂದು ಎಲ್ಲಿಗೋ. ಹಲಗೆಯನ್ನು ವಾಪಸ್ಸು ತರಿಸಿ ತೂತುಗಳ ಮೇಲೆ ಬೆರಳಿಟ್ಟು ತರಬೇತುದಾರ ಒಂದೊಂದಾಗಿ ವಿವರಿಸಿದ: ಇದು ಎರಡು ದಿನ ನರಳಿ ಸಾಯುತ್ತದೆ, ಇದೂ ಎರಡು ದಿನ, ಇದು ಒಂದು ವಾರ ಕುಂಟುತ್ತದೆ. ಇಂಥವರಿಗೆ ಲೈಸೆನ್ಸ್ ಕೊಡುತ್ತಾರಲ್ಲ ಎಂದು ಪಕ್ಕದವರಿಗೆ ಕೇಳಿಸುವ ಹಾಗೆ ಹೇಳಿದ. ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಆತನ ಮಾತಿನಲ್ಲಿ ಸುಳ್ಳು ಇರಲಿಲ್ಲ ಎಂಬುದೇ ಹೆಚ್ಚು ಉರಿಯುತ್ತಿತ್ತು.

ಐದು ಶನಿವಾರ ಹೀಗೇ ಆಯಿತು. ಮನೆಯಲ್ಲಿ ತೋಟಾ ಇಲ್ಲದ ಖಾಲಿ ಕೋವಿ ಹಿಡಿದು ದಿನಕ್ಕೆ ಇನ್ನೂರು ಸಲ ಗೋಡೆಯ ಉದ್ದಕ್ಕೂ ತಿರುಗುವ ಅಭ್ಯಾಸ ಮಾಡಿದೆ. ಒಂದು ದಿನ ಗಂಡನ ಮೀಟಿಂಗಿನ ಕ್ಯಾಮೆರಾದಲ್ಲಿ ಅವನ ಬೆನ್ನ ಹಿಂದೆ ಹೆಂಡತಿಯೊಬ್ಬಳು ನಳಿಗೆ ಹಿಡಿದು ಎಡದಿಂದ ಬಲಕ್ಕೆ ಸಾಗುವುದು ಹನ್ನೊಂದು ಜನಕ್ಕೆ ಕಂಡಿತು. ಅವನ ಮ್ಯಾನೇಜರ್ ಬೇರೆಯಾಗಿ ಫೋನು ಮಾಡಿ, ಮನೆಯಲ್ಲಿ ಎಲ್ಲ ಸರಿಯಿದೆಯೇ, ಸಹಾಯ ಬೇಕೇ ಎಂದು ವಿಚಾರಿಸಿದನಂತೆ. ಆ ಸಂಜೆ ಗಂಡ ನನ್ನ ಮೇಲೆ ಕೂಗಾಡಿದ. ನಾನೂ ಕೂಗಾಡಿದೆ. ಕೆಳಗಿನ ಮನೆಯವರು ಪೊರಕೆಯಿಂದ ಛಾವಣಿ ಕುಟ್ಟಿದರು.

ಆರನೆಯ ಶನಿವಾರ ನಾನು ಬಾಗಿ ಬ್ಯಾಗು ಕಟ್ಟುತ್ತಿದ್ದಾಗ ತರಬೇತುದಾರ ಮೇಜಿನ ಮೇಲಿದ್ದ ನನ್ನ ತೋಟಾದ ಪೆಟ್ಟಿಗೆಯನ್ನು ಎತ್ತಿ, ಇದನ್ನು ಮರೆತೆ ಎಂದು ನನ್ನ ಕಡೆ ಎಸೆದ. ತಟ್ಟನೆ ಹಿಡಿದೆ. ಆತ ನನ್ನ ಕೈ ನೋಡಿದ. ಇನ್ನೊಂದು ಪೆಟ್ಟಿಗೆ ತೆಗೆದುಕೊಂಡು ಮತ್ತೆ ಎಸೆದ. ಮತ್ತೆ ಹಿಡಿದೆ. ಎರಡು ಸಲವೂ ಎಡಗೈಯಲ್ಲಿ.

ನೀನು ಎಡಚಿ ಎಂದ. ಅಲ್ಲ, ಬಲಗೈಯವಳು, ಬರೆಯುವುದು ಉಣ್ಣುವುದು ಎಲ್ಲ ಬಲಗೈಯಲ್ಲೇ ಎಂದೆ. ಆತ ನನ್ನ ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಕೈ ನೀಡಿ ಅದರೊಳಗಿಂದ ರೇಂಜಿನ ತುದಿಯ ಕಂಬವನ್ನು ನೋಡು ಎಂದ. ನೋಡಿದೆ. ಎಡಗಣ್ಣು ಮುಚ್ಚು ಎಂದ. ಕಂಬ ಮಾಯವಾಯಿತು. ಬಲಗಣ್ಣು ಮುಚ್ಚಿದಾಗ ಕಂಬ ಅಲ್ಲೇ ಇತ್ತು. ನನ್ನ ತಲೆ ನಂಬಿದ್ದು ಎಡಗಣ್ಣನ್ನು. ಕೋವಿ ಇದ್ದದ್ದು ಬಲಗಣ್ಣಿನ ಮುಂದೆ. ಐದು ವಾರ ನಾನು ಒಂದು ಕಣ್ಣಲ್ಲಿ ನೋಡಿ ಇನ್ನೊಂದು ಕಣ್ಣಿನಿಂದ ಹೊಡೆಯುತ್ತಿದ್ದೆ.

ಮನೆಗೆ ಬಂದು ಧಾರವಾಡಕ್ಕೆ ವಿಡಿಯೊ ಕಾಲ್ ಮಾಡಿದೆ. ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಬೇಟೆಯ ವಿಷಯ ಅವಳಿಗೆ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ಸಣ್ಣವಳಿದ್ದಾಗ ನಾನು ಯಾವ ಕೈ ಬಳಸುತ್ತಿದ್ದೆ ಎಂದಷ್ಟೇ ಕೇಳಿದೆ. ಅವಳ ಮುಖ ಅರಳಿತು.

"ನೀ ಎಡಚಿ ಇದ್ದಿ ಬಿಡವಾ. ತಾಟಿನಾಗ ಎಡಗೈನಽ ಹಾಕ್ತಿದ್ದಿ. ಮಂದ್ಯಾಗ ಮಾನ ಹೋಗ್ತಿತ್ತು. ಎಡಗೈಗೆ ಅರಿವಿ ಸುತ್ತಿ, ಬೆನ್ನ ಹಿಂದ ಕಟ್ಟಿ ಕೂಡಸ್ತಿದ್ದೆ. ಒಂದ ವರ್ಷದಾಗ ಬಿಡಿಸಿಬಿಟ್ಟೆ ನೋಡು."

"ನಾ ಅಳತಿದ್ನಿಲ್ಲೋ?"

"ಅಳತಿದ್ದಿ. ಎಲ್ಲಾ ಹುಡುಗ್ರೂ ಅಳತಾವು."

ನಮ್ಮಲ್ಲಿ ಇದು ಯಾವ ಮನೆಯಲ್ಲೂ ನಡೆಯುವಂಥದೇ. ಎಡಗೈಯಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು, ಉಣ್ಣಬಾರದು. ಅವ್ವನಿಗೆ ಅದೊಂದು ಗೆದ್ದ ಕೆಲಸ. ನನಗೆ ನೆನಪೇ ಇರಲಿಲ್ಲ. ಫೋನು ಇಟ್ಟ ಮೇಲೆ ಅವ್ವನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ ಎರಡು ವಾರ ಅವಳಿಗೆ ಕರೆ ಮಾಡಲಿಲ್ಲ. ನನ್ನ ಕೈಯನ್ನು ನನ್ನಿಂದ ಕಸಿದುಕೊಂಡು, ನನಗೇ ತಿಳಿಯದ ಹಾಗೆ ಮಾಡಿಟ್ಟಿದ್ದಳು.

ಮುಂದೇನು ಎಂಬುದಕ್ಕೆ ತರಬೇತುದಾರನ ಬಳಿ ಸುಲಭದ ಉಪಾಯವಿತ್ತು. ರೇಂಜಿನಲ್ಲಿ ಹಾಕುವ ಕನ್ನಡಕದ ಎಡಗಾಜಿಗೆ ಟೇಪು ಅಂಟಿಸು, ಅದೇ ಕೋವಿಯಲ್ಲಿ ಮುಂದುವರಿ. ಟೇಪು ಅಂಟಿಸಿದೆ. ಅದೇ ದಿನ ಓಡುವ ಮೂಸ್‌ಗೆ ನಾಲ್ಕರಲ್ಲಿ ಮೂರು ಬಿದ್ದವು. ಇನ್ನೆರಡು ಶನಿವಾರದಲ್ಲಿ ಹಾಳೆಗೆ ಸಹಿ ಸಿಗುತ್ತದೆ ಎಂದು ಆತನೇ ಹೇಳಿದ. ಆಮೇಲೆ ನಾನು ಕನ್ನಡಕ ತೆಗೆಯದೆಯೇ ಬ್ಯಾಗು ಹಾಕಿಕೊಂಡು ಹೊರಡುವಾಗ, ಎಡಗಡೆಯಿಂದ ಬಂದು ನಿಂತಿದ್ದ ಒಬ್ಬ ಸದಸ್ಯನಿಗೆ ನೇರ ಡಿಕ್ಕಿ ಹೊಡೆದೆ. ಅವನು ಅಲ್ಲಿದ್ದದ್ದೇ ನನಗೆ ಕಂಡಿರಲಿಲ್ಲ.

ಆ ಮನುಷ್ಯ ಬೈದುಕೊಂಡು ಹೋದ. ನಾನು ಕಾರಿನಲ್ಲಿ ಕೂತು ಯೋಚಿಸಿದೆ. ಸ್ವೀಡನ್ನಿನ ಕಾಡಿನಲ್ಲಿ ಮೂಸ್ ಹಳಿಯ ಮೇಲೆ ಬರುವುದಿಲ್ಲ. ನಾಯಿಗಳು, ನಾಯಿ ಬಿಡುವವರು, ಪಕ್ಕದ ಜಾಗದಲ್ಲಿ ಕೂತ ಬೇಟೆಗಾರರು ಎಡಗಡೆಯೂ ಇರುತ್ತಾರೆ. ಅರ್ಧ ಲೋಕಕ್ಕೆ ಟೇಪು ಅಂಟಿಸಿಕೊಂಡು ನಾನು ಅಲ್ಲಿ ಗುಂಡು ಹಾರಿಸಲಾರೆ. ಆ ಶನಿವಾರ ಮಧ್ಯಾಹ್ನವೇ ತೀರ್ಮಾನಿಸಿದೆ, ಬಲಗೈ ರೈಫಲನ್ನು ಮಾರಿ ಎಡಗೈಯದ್ದನ್ನು ಕೊಳ್ಳುತ್ತೇನೆ, ಎಡ ಹೆಗಲಿನಿಂದ ಮೊದಲಿನಿಂದ ಕಲಿಯುತ್ತೇನೆ. ಜುಲೈ ಮುಗಿಯಲು ಹತ್ತು ವಾರ ಉಳಿದಿತ್ತು.

ನನ್ನ ತೀರ್ಮಾನ ಯಾರಿಗೂ ಹಿಡಿಸಲಿಲ್ಲ. ತರಬೇತುದಾರ ಮೊಂಡುತನ ಎಂದ. ಮುಖ್ಯಸ್ಥೆ, ಸಿಗುತ್ತಿದ್ದ ಸಹಿಯನ್ನು ಕೈಯಾರೆ ಬಿಟ್ಟೆಯಲ್ಲ, ಇದನ್ನು ನಿನ್ನ ಮೌಲ್ಯಮಾಪನದಲ್ಲಿ ಬರೆಯುತ್ತೇನೆ ಎಂದು ಇಮೇಲ್ ಹಾಕಿದರು. ಗಂಡ ಅಡುಗೆಮನೆಗೆ ಹೋಗಿ ದೇವರ ಮುಂದೆ ಊದುಬತ್ತಿ ಹಚ್ಚಿದ. ನನ್ನ ಪರವಾಗಿಯೋ ವಿರುದ್ಧವಾಗಿಯೋ ನಾನು ಕೇಳಲಿಲ್ಲ.

ಎಡಗೈ ರೈಫಲ್‌ಗೆ, ಪ್ರತಿ ಗುಂಡಿನ ಮೇಲೆ ಹೊಸ ತೋಟಾ ತುಂಬಲು ಎಳೆಯುವ ಬೋಲ್ಟಿನ ಹಿಡಿ ಎಡಗಡೆ ಇರುತ್ತದೆ. ಮಾಡುವುದೇ ಕಡಿಮೆ, ಕೊರೊನಾದಲ್ಲಿ ಕಾರ್ಖಾನೆಗಳು ಮುಚ್ಚಿ ಅದೂ ನಿಂತಿತ್ತು. ಐದು ಅಂಗಡಿಗಳು ಮುಂದಿನ ವರ್ಷ ಬನ್ನಿ ಎಂದವು. ಆರನೆಯದು ಜರ್ಮನಿಯ ಗಡಿಯ ಹತ್ತಿರದ ಸಣ್ಣ ಅಂಗಡಿ. ಅಲ್ಲಿ ಆರೂವರೆ ಮಿಲಿಮೀಟರ್‌ನ ಹಳೆಯ ಎಡಗೈ ರೈಫಲ್ ಒಂದು ಎರಡು ವರ್ಷದಿಂದ ಧೂಳು ತಿನ್ನುತ್ತಿತ್ತು. ನನ್ನ ಪಟ್ಟಿಯಲ್ಲಿ ಅದಕ್ಕೆ ಒಂಬತ್ತನೆಯ ಸ್ಥಾನ. ಹೆಗಲಿಗೆ ಒತ್ತುವ ಹಿಡಿ ಮರದ್ದು, ಮಳೆಗೆ ಉಬ್ಬುತ್ತದೆ. ಉದ್ದವೂ ನನಗೆ ಜಾಸ್ತಿ. ಆದರೆ ಒದೆತ ಕಡಿಮೆ, ತಾಮ್ರದ ಗುಂಡು ಸಿಗುತ್ತಿತ್ತು, ಮತ್ತು ಅದು ಎಡಗೈಯದ್ದು. ಅಂಗಡಿಯವನು ಹಿಡಿಯ ಹಿಂಭಾಗವನ್ನು ನಾಲ್ಕು ಸೆಂಟಿಮೀಟರ್ ಗರಗಸದಿಂದ ಕತ್ತರಿಸಿ ನನ್ನ ತೋಳಿಗೆ ಹೊಂದಿಸಿದ. ಲೈಸೆನ್ಸಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಸೇರಿಸಲು, ಗಡಿ ದಾಟುವ ಯುರೋಪಿನ ಶಸ್ತ್ರ ಪಾಸಿನಲ್ಲೂ ಅದನ್ನೇ ಬರೆಸಲು ಐದು ವಾರ ಹಿಡಿಯಿತು. ಆ ಐದು ವಾರ ರೈಫಲ್ ಅಂಗಡಿಯಲ್ಲೇ ಇತ್ತು. ನಾನು ಮನೆಯಲ್ಲಿ ಪೊರಕೆಯ ಕೋಲನ್ನು ಎಡ ಹೆಗಲಿಗೆ ಹಿಡಿದು ಗೋಡೆಯ ಉದ್ದಕ್ಕೂ ತಿರುಗುತ್ತಿದ್ದೆ, ಗಂಡನ ಕ್ಯಾಮೆರಾದ ಹೊರಗೆ.

ಹೊಸ ರೈಫಲ್ ಹಿಡಿದು ರೇಂಜಿಗೆ ಹೋದ ಮೊದಲ ದಿನವೇ ಕಣ್ಣು ಸರಿಯಾಗಿ ಕೂತಿತು. ಗೆರೆ, ಮೂಸ್ ಎರಡೂ ಒಂದೇ ಕಡೆ ಕಂಡವು. ಕೈ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಮೂವತ್ತು ವರ್ಷ ಎಲ್ಲದಕ್ಕೂ ಮುಂದೆ ಬಂದ ಬಲಗೈ, ಗುಂಡು ಹಾರಿದ ಕೂಡಲೇ ಇಲ್ಲದ ಬೋಲ್ಟನ್ನು ಹುಡುಕಿಕೊಂಡು ಹೋಗುತ್ತಿತ್ತು. ಎರಡನೆಯ ಗುಂಡು ತುಂಬುವಷ್ಟರಲ್ಲಿ ಹಲಗೆಯ ಮೂಸ್ ಎಂದೋ ಪೊದೆಯ ಹಿಂದೆ ಸೇರಿರುತ್ತಿತ್ತು. ಬಲಗೈಗೆ ದಪ್ಪ ಚಳಿಗಾಲದ ಗವಸು ಹಾಕಿಕೊಂಡು ಅಭ್ಯಾಸ ಮಾಡಿದೆ, ಬೋಲ್ಟ್ ಹಿಡಿಯಲು ಬಾರದ ಹಾಗೆ. ಎಡಗೈಯ ಗೆಣ್ಣುಗಳ ಸಿಪ್ಪೆ ಎದ್ದಿತು. ಜುಲೈನ ಕೊನೆಯ ಶನಿವಾರ ಎಂಟರಲ್ಲಿ ಎಂಟು ವೃತ್ತದೊಳಗೆ ಬಿದ್ದವು. ತರಬೇತುದಾರ ಹಲಗೆಯ ಹತ್ತಿರ ಹೋಗಿ ಎರಡು ಸಲ ಎಣಿಸಿ, ಹಾಳೆಗೆ ಸಹಿ ಹಾಕಿ, ಇನ್ನೂ ನಿಧಾನ ಎಂದ. ಧನ್ಯವಾದ ಹೇಳದೆ ಹಾಳೆ ಕಿತ್ತುಕೊಂಡೆ.

ಆಗಸ್ಟ್ ಪೂರ್ತಿ ತಯಾರಿಗೆ ಹೋಯಿತು. ಸಾರಜನಕದ ಡಬ್ಬಿ ಹತ್ತು ದಿನ ಮಾತ್ರ ತಣ್ಣಗಿರುತ್ತದೆ. ಹೋಗಲು ಮೂರು ದಿನ, ಬರಲು ಮೂರು ದಿನ ತೆಗೆದರೆ ಬೇಟೆಗೆ ಉಳಿಯುವುದು ನಾಲ್ಕೇ ದಿನ. ಕಾರಿನಲ್ಲಿ ಜರ್ಮನಿ, ಡೆನ್ಮಾರ್ಕ್ ದಾಟಿ ಸ್ವೀಡನ್ನಿನ ಉದ್ದಕ್ಕೂ ಮೇಲೆ ಹೋಗಬೇಕು. ಪ್ರತಿ ಗಡಿಗೂ ಲಸಿಕೆಯ ಕಾಗದ ಒಂದು ಕವರಿನಲ್ಲಿ, ಕೋವಿಯ ಕಾಗದ ಇನ್ನೊಂದರಲ್ಲಿ. ಕೊರೆಯುವ ಚಾಕು ಎರಡು, ಟ್ಯೂಬು ಅರವತ್ತು, ಗವಸು, ಲೇಬಲ್, ಮೊಣಕಾಲುದ್ದದ ರಬ್ಬರ್ ಬೂಟು. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹೊರಡುವ ದಿನ ಗಂಡ ಕೆಳಗೆ ಬಂದು ಡಬ್ಬಿಯನ್ನು ಬೆಲ್ಟಿನಿಂದ ಸೀಟಿಗೆ ಬಿಗಿದುಕೊಟ್ಟ.

ಕ್ಯಾಬಿನ್‌ನಲ್ಲಿದ್ದ ಮೂವರೂ ಗಂಡಸರು. ಬೇಟೆಯ ನಾಯಕ ನನ್ನ ರೊಟ್ಟಿಯನ್ನು ನೋಡಿದ, ಕತ್ತರಿಸಿದ ಹಿಡಿಯನ್ನು ನೋಡಿದ, ನಕ್ಷೆ ಬಿಡಿಸಿದ. ನಿಯಮಗಳು ಕಡಿಮೆ. ನಿನ್ನ ಜಾಗ ಬಿಟ್ಟು ಕದಲಬೇಡ. ಹೊಡೆದ ಮೇಲೆ ರೇಡಿಯೊದಲ್ಲಿ ಹೇಳದೆ ಪ್ರಾಣಿಯ ಹತ್ತಿರ ಹೋಗಬೇಡ. ತಾಯಿ ಮರಿ ಜೊತೆಗೆ ಬಂದರೆ ಮೊದಲು ಮರಿ, ಆಮೇಲೆ ಬೇಕಾದರೆ ತಾಯಿ. ತಾಯಿಯನ್ನು ಮೊದಲು ಹೊಡೆದರೆ ಮರಿ ಚಳಿಗಾಲದಲ್ಲಿ ಹಸಿದು ಸಾಯುತ್ತದೆ. ಈ ವರ್ಷ ತಂಡಕ್ಕೆ ಎರಡು ದೊಡ್ಡವು, ಎರಡು ಮರಿ ಹೊಡೆಯುವ ಅನುಮತಿ ಇತ್ತು.

ಮೊದಲ ಮೂರು ದಿನ ಮಳೆ. ಜೌಗಿನ ಅಂಚಿನಲ್ಲಿ ಬಿದ್ದ ಮರದ ಮೇಲೆ ಎಂಟೆಂಟು ಗಂಟೆ ಕೂತೆ. ಸೊಳ್ಳೆಯಂಥ ಸಣ್ಣ ಹುಳುಗಳು ಕಣ್ಣಿನ ರೆಪ್ಪೆಯೊಳಗೆ ಹೊಕ್ಕವು. ನೀರು ಕುತ್ತಿಗೆಯಿಂದ ಇಳಿದು ಸೊಂಟದಲ್ಲಿ ನಿಂತಿತು. ಆ ದೇಶ, ಆ ಕಾಡು, ಆ ಮೂವರು, ಎಲ್ಲರ ಮೇಲೂ ದ್ವೇಷ ಹುಟ್ಟಿತು. ಎರಡನೆಯ ದಿನ ತಂಡದವನೊಬ್ಬ ಎರಡು ಕಿಲೊಮೀಟರ್ ಆಚೆ ಒಂದು ಗಂಡು ಮೂಸ್ ಹೊಡೆದ. ಡಬ್ಬಿ ಹೊತ್ತು ಜೌಗಿನಲ್ಲಿ ಓಡಿದೆ. ತಲುಪುವಾಗ ಐವತ್ತು ನಿಮಿಷ ಆಗಿತ್ತು.

ನಾಲ್ಕನೆಯ ದಿನ, ಅಂದರೆ ಕೊನೆಯ ದಿನ, ಬೆಳಿಗ್ಗೆ ಮಳೆ ನಿಂತಿತು. ದೂರದಲ್ಲಿ ನಾಯಿ ಬೊಗಳಿತು. ಜೌಗಿನ ಆಚೆ ಅಂಚಿನಿಂದ ಎರಡು ಮೂಸ್ ಹೊರಗೆ ಬಂದವು, ತಾಯಿ ಮುಂದೆ, ಮರಿ ಹಿಂದೆ. ಮರಿ ಎಂದರೆ ನಮ್ಮ ಹಸುವಿನ ಕರುವಿಗಿಂತ ದೊಡ್ಡದು, ಕಂದು ಬಣ್ಣ. ಎಪ್ಪತ್ತು ಮೀಟರ್ ಇರಬಹುದು. ಎರಡೂ ಕಣ್ಣು ತೆರೆದಿದ್ದೆ. ಗೆರೆ ಮುಂಗಾಲಿನ ಮುಂದೆ ಕೂತಿತು, ಜೊತೆಗೇ ಸಾಗಿತು, ಎಳೆದೆ. ಮರಿ ನಾಲ್ಕು ಹೆಜ್ಜೆ ಓಡಿ ಮಡಿಚಿ ಬಿತ್ತು. ಎಡಗೈ ತಾನಾಗಿ ಇನ್ನೊಂದು ತೋಟಾ ತುಂಬಿತ್ತು. ನನಗೆ ಆಗ ಆದದ್ದು ಸಂತೋಷ, ಬರೀ ಸಂತೋಷ, ಅದನ್ನು ಮುಚ್ಚಿಡುವುದಿಲ್ಲ. ಗಡಿಯಾರ ನೋಡಿದೆ. ಹತ್ತು ಗಂಟೆ ಐದು ನಿಮಿಷ.

ತಾಯಿ ಮರಗಳೊಳಗೆ ಓಡಿ ಹೋಗಿತ್ತು. ರೇಡಿಯೊದಲ್ಲಿ ಹೇಳಿದೆ. ಡಬ್ಬಿ ಬೆನ್ನಿಗೇರಿಸಿ ಅರ್ಧ ದಾರಿ ನಡೆದಿದ್ದೆ, ತಾಯಿ ವಾಪಸ್ಸು ಬಂತು. ಮರಿಯ ಪಕ್ಕ ಬಂದು ಮೂಗಿನಿಂದ ನೂಕಿತು. ಮತ್ತೆ ನೂಕಿತು. ಆಮೇಲೆ ಮರಿಯ ಮೇಲೆಯೇ ನಾಲ್ಕು ಕಾಲು ಅಗಲಿಸಿ ನಿಂತು ನನ್ನ ಕಡೆ ತಿರುಗಿತು. ಕಿವಿ ಹಿಂದಕ್ಕೆ ಮಡಿಚಿದ್ದವು, ಕುತ್ತಿಗೆಯ ಕೂದಲು ನಿಗುರಿತ್ತು.

ಕೂಗಿದೆ. ಡಬ್ಬಿಯನ್ನು ಬೆನ್ನಿನಿಂದ ಇಳಿಸಿ ಚಾಕುವಿನಿಂದ ಬಡಿದೆ. ಕನ್ನಡದಲ್ಲಿ, ಡಚ್ಚಿನಲ್ಲಿ ಬಾಯಿಗೆ ಬಂದದ್ದೆಲ್ಲ ಬೈದೆ. ಅದು ನನ್ನ ಕಡೆಗೆ ಎರಡು ಹೆಜ್ಜೆ ಇಟ್ಟು ಮತ್ತೆ ಮರಿಯ ಹತ್ತಿರ ಹೋಯಿತು. ಹತ್ತು ಗಂಟೆ ಹದಿನೈದು ನಿಮಿಷ. ನಾಯಕ ರೇಡಿಯೊದಲ್ಲಿ ಶಾಂತವಾಗಿ ವಿವರಿಸಿದ. ಹತ್ತಿರ ಹೋಗಬೇಡ, ತುಳಿದು ಹಾಕುತ್ತದೆ. ಕಾದರೆ ತಾನಾಗಿ ಹೋಗುತ್ತದೆ, ಒಂದು ಗಂಟೆ ಆಗಬಹುದು, ಎರಡೂ ಆಗಬಹುದು. ಅಥವಾ ಹೊಡಿ, ಅನುಮತಿ ಉಳಿದಿದೆ, ಮರಿ ಬಿದ್ದಾಗಿದೆ. ನಿನಗೆ ಬಿಟ್ಟದ್ದು.

ಹತ್ತು ಇಪ್ಪತ್ತು ಆಯಿತು. ಅದು ಮರಿಯ ಕಿವಿ ನೆಕ್ಕುತ್ತಿತ್ತು. ನನ್ನ ಬಳಿ ಒಂದು ಗಂಟೆ ಇರಲಿಲ್ಲ, ಹದಿನೈದು ನಿಮಿಷವಿತ್ತು. ಅದು ಅಡ್ಡ ತಿರುಗುವವರೆಗೆ ಕಾದೆ. ಹತ್ತು ಇಪ್ಪತ್ತಮೂರಕ್ಕೆ ಹೊಡೆದೆ. ನಿಂತಿದ್ದ ಪ್ರಾಣಿ, ತಪ್ಪುವ ಮಾತೇ ಇರಲಿಲ್ಲ. ಮರಿಯ ಮೇಲೆ ಬೀಳದೆ ಪಕ್ಕಕ್ಕೆ ಬಿತ್ತು, ಅದರಿಂದ ನನ್ನ ಕೆಲಸ ಸುಲಭವಾಯಿತು. ಹತ್ತು ಮೂವತ್ತೆರಡಕ್ಕೆ ಮರಿಯ ಮೊದಲ ಟ್ಯೂಬು ಡಬ್ಬಿಗೆ ಇಳಿಯಿತು, ಹತ್ತು ನಲವತ್ತಕ್ಕೆ ತಾಯಿಯದು. ನಮೂನೆಯ ಹಾಳೆಯಲ್ಲಿ ಲಿಂಗ, ವಯಸ್ಸು, ಹಾಲೂಡುತ್ತಿದೆಯೇ ಎಂಬ ಕಾಲಂಗಳಿದ್ದವು. ಕೆಚ್ಚಲು ಒತ್ತಿ ನೋಡಬೇಕು. ಒತ್ತಿದೆ. ಗವಸಿನ ಮೇಲೆ ಬಿಸಿ ಹಾಲು ಬಂತು. ಹೌದು ಎಂದು ಗುರುತು ಹಾಕಿದೆ. ಆ ಹೊತ್ತಿಗೆ ನನಗೆ ಏನೂ ಅನ್ನಿಸಲಿಲ್ಲ. ವಾಪಸ್ಸು ಬರುವಾಗ ಡೆನ್ಮಾರ್ಕಿನ ಸೇತುವೆಯ ಮೇಲೆ ಕಾರು ನಿಲ್ಲಿಸಲು ಜಾಗವಿಲ್ಲದ ಕಡೆ ಅಳು ಬಂತು.

ಎರಡು ವಾರಕ್ಕೆ ಮುಖ್ಯಸ್ಥೆಯ ಇಮೇಲ್ ಬಂತು. ಎಲ್ಲ ಮಾದರಿಗಳೂ ಅತ್ಯುತ್ತಮ. ತಾಯಿ ಮರಿ ಒಂದೇ ಹೊತ್ತಿನಲ್ಲಿ ಸಿಕ್ಕಿದ್ದು ನಮ್ಮ ಪ್ರಶ್ನೆಗೆ ನೇರ ಉತ್ತರ, ಇದುವರೆಗೆ ಯಾರೂ ಇಂತಹ ಜೋಡಿ ತಂದಿಲ್ಲ. ಗುತ್ತಿಗೆ ಎರಡು ವರ್ಷ ವಿಸ್ತರಿಸಲಾಗಿದೆ, ಕಾಗದ ಲಗತ್ತಿಸಿದೆ. ಕೆಲಸದ ವಿವರದಲ್ಲಿ ಒಂದು ಸಾಲು ಹೊಸದಾಗಿ ಸೇರಿತ್ತು: ಮುಂದಿನ ಎರಡು ಹಂಗಾಮುಗಳಲ್ಲಿ ತಾಯಿ ಮರಿಯ ಆರು ಜೋಡಿಗಳು, ಇದೇ ಕ್ರಮದಲ್ಲಿ.

ಆ ಸಾಲನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದೆ.